ಮೊನೆ ಕೂಡದ ಚಿಮಟ

ಮೂರನೆಯ ಸಲವೂ ಗರಿ ಜಾರಿತು.

ವರ್ಸಿತಿ ಉಸಿರು ಬಿಗಿಹಿಡಿದು, ಬಿಳಿ ತಟ್ಟೆಯಲ್ಲಿ ನೀರು ಕುಡಿದು ಮೆತ್ತಗಾಗಿದ್ದ ಹಕ್ಕಿಗೂಡಿನ ಎಳೆಗಳ ನಡುವೆ ಚಿಮಟವನ್ನು ಮತ್ತೆ ಇಳಿಸಿದಳು. ಕೂದಲಿಗಿಂತ ತೆಳ್ಳಗಿನ ಒಂದು ಕರಿ ಗರಿ. ಬೇರೆ ದಿನವಾಗಿದ್ದರೆ ಪಕ್ಕದವಳೊಡನೆ ಮಾತಾಡುತ್ತಲೇ ಅದನ್ನು ಎತ್ತಿ ನೀರಿನ ಬಟ್ಟಲಿಗೆ ಬಿಟ್ಟಿರುತ್ತಿದ್ದಳು. ಈಗ ಚಿಮಟದ ಮೊನೆಗಳು ಗರಿಯನ್ನು ಮುಟ್ಟುತ್ತಿದ್ದವು, ಹಿಡಿಯುತ್ತಿರಲಿಲ್ಲ. ಕೊಂಚ ಒತ್ತಿ ಎಳೆದಳು. ಗರಿ ಅಲ್ಲೇ ಉಳಿಯಿತು. ಗೂಡಿನ ಎಳೆ ಕಿತ್ತು ಬಂತು.

ಲಸೆಮ್ ಊರಿನ ಆ ಹಳೆಯ ಗೋಡೌನಿನಲ್ಲಿ ಎಂಟು ಮಂದಿ ಹೆಂಗಸರು ಬಿಳಿ ಟೋಪಿ ಹಾಕಿಕೊಂಡು ಮೇಜಿನ ಎರಡು ಬದಿಗೆ ಬಗ್ಗಿ ಕೂತಿದ್ದರು. ಬಾನಾಡಿ ಹಕ್ಕಿ ತನ್ನ ಜೊಲ್ಲಿನಿಂದಲೇ ನೇಯ್ದ ಗೂಡು ಅದು. ಗರಿ, ಕಸ ಎಲ್ಲ ತೆಗೆದರೆ ದೂರದ ಶ್ರೀಮಂತರ ಸೂಪಿನ ಬಟ್ಟಲಿಗೆ ಹೋಗುತ್ತದೆ. ತೆಗೆಯುವ ಕೆಲಸ ಈ ಊರಿನ ಹೆಂಗಸರದು. ಆದರೆ ಇವತ್ತು ನಡೆಯುತ್ತಿದ್ದದ್ದು ಕೆಲಸವಲ್ಲ, ಪರೀಕ್ಷೆ. ಸೆಮಾರಾಂಗ್ ಪಟ್ಟಣದಲ್ಲಿ ಹೊಸ ಕಾರ್ಖಾನೆ ತೆರೆದಿದ್ದರು. ಹೊಸಬರಿಗೆ ಗರಿ ತೆಗೆಯುವುದನ್ನು ಕಲಿಸಲು ಮೂವರು ಬೇಕಾಗಿದ್ದರು. ಇರಲು ಕೋಣೆ ಅವರೇ ಕೊಡುತ್ತಾರೆ. ಕಿಟಕಿ ಇರುವ ಕೋಣೆ, ಒಬ್ಬೊಬ್ಬರಿಗೆ ಒಂದೊಂದು ಎಂದು ಕೇಳಿದ ದಿನದಿಂದ ವರ್ಸಿತಿ ಆ ಕೋಣೆಯೊಳಗೆ ಮನಸ್ಸಿನಲ್ಲೇ ಎಷ್ಟೋ ಸಲ ಕಸ ಗುಡಿಸಿ ಬಂದಿದ್ದಳು.

"ಸಮಯ ಆಯ್ತು. ಎಲ್ಲರೂ ಕೈ ತೆಗೀರಿ."

ಪರೀಕ್ಷೆ ಮಾಡಲು ಸೆಮಾರಾಂಗಿನಿಂದ ಬಂದಿದ್ದ ಲಿಯಾನ್ ಕನ್ನಡಕ ಏರಿಸಿಕೊಂಡು ಒಂದೊಂದೇ ತಟ್ಟೆಯನ್ನು ದೀಪಕ್ಕೆ ಹಿಡಿಯುತ್ತಾ ಬಂದಳು. ಐವತ್ತು ದಾಟಿದ ಚೀನೀ ಹೆಂಗಸು. ಅವಳೂ ಒಂದು ಕಾಲದಲ್ಲಿ ಗರಿ ಕಿತ್ತವಳೇ ಎಂಬುದು ಮುಂದಕ್ಕೆ ಬಾಗಿದ ಕತ್ತಿನಲ್ಲೇ ಗೊತ್ತಾಗುತ್ತಿತ್ತು. ವರ್ಸಿತಿಯ ತಟ್ಟೆಯ ಮುಂದೆ ನಿಂತಳು.

"ಹದಿನೇಳು ಗರಿ ಉಳಿದಿದೆ. ನಾಲ್ಕು ಕಡೆ ಹರಿದಿದೆ. ಹನ್ನೊಂದು ವರ್ಷದಿಂದ ಮಾಡ್ತಿದೀನಿ ಅಂತ ಬರೆಸಿದ್ದು ನೀನೇನಾ?"

"ಹೌದು ಅಕ್ಕ."

ಲಿಯಾನ್ ಅವಳ ಚಿಮಟ ಎತ್ತಿಕೊಂಡು, ಮೆಲ್ಲಗೆ ಅದುಮಿ, ಬೆಳಕಿಗೆ ಹಿಡಿದಳು. "ಇಲ್ಲಿ ನೋಡು. ಬಾಗಿಲು ಹಾಕಿದೀನಿ ಅಂದ್ಕೊಂಡಿದೀಯ, ಸಂದೀಲಿ ಬೆಕ್ಕು ತೂರಬಹುದು. ಯಾರು ಸಾಣೆ ಹಿಡಿದಿದ್ದು?"

"ನಮ್ಮತ್ತೆ."

"ಅತ್ತೆ ಹತ್ರ ಏನು ಜಗಳ ಮಾಡ್ಕೊಂಡಿದ್ದೆ?"

ಮೇಜಿನ ಸುತ್ತ ನಗೆ ಎದ್ದಿತು. ವರ್ಸಿತಿಯ ಎದುರಿಗೆ ಕೂತಿದ್ದ ಗೆಳತಿ ಸುಲಿಸ್ ಮಾತ್ರ ನಗದೆ ತಲೆ ತಗ್ಗಿಸಿಕೊಂಡಳು. "ಕೈ ಚೆನ್ನಾಗಿದೆ ನಿಂದು, ನಾನು ನೋಡ್ತಾನೇ ಇದ್ದೆ," ಎಂದಳು ಲಿಯಾನ್. "ಸುಲಿಸ್ ಸೇರಿ ಇಬ್ಬರು ಸಿಕ್ಕಿದಾರೆ, ಇನ್ನೂ ಒಂದು ಜಾಗ ಉಳಿದಿದೆ. ಶನಿವಾರ ಮತ್ತೆ ಬರ್ತೀನಿ. ಚಿಮಟ ಸರಿಮಾಡ್ಕೊಂಡು ಬಾ. ನಿಮ್ಮತ್ತೆ ಕೈಗೆ ಮಾತ್ರ ಕೊಡಬೇಡ."

ಹೊರಗೆ ಬಿಸಿಲು ಬಿಳಿ ಗೋಡೆಗಳ ಮೇಲೆ ಹೊಡೆಯುತ್ತಿತ್ತು. ಬೀದಿಯ ಎರಡೂ ಕಡೆ ಹಕ್ಕಿಗಳಿಗೆಂದೇ ಕಟ್ಟಿದ, ಕಿಟಕಿಗಳಿಲ್ಲದ ಎತ್ತರದ ಮನೆಗಳು. ಅವುಗಳ ನೆತ್ತಿಯ ಮೇಲೆ ಕೂಗುವ ಯಂತ್ರಗಳು ಗೂಡು ಕಟ್ಟುವ ಹಕ್ಕಿಗಳನ್ನು ಸೆಳೆಯಲು ಎಂದಿನಂತೆ ಚಿಲಿಪಿಲಿಯನ್ನು ಒದರುತ್ತಿದ್ದವು. ವರ್ಸಿತಿಗೆ ಅದೊಂದೂ ಕೇಳಿಸಲಿಲ್ಲ. 'ಅತ್ತೆ ಹತ್ರ ಏನು ಜಗಳ' ಎಂಬ ಮಾತು ಕಿವಿಯಲ್ಲಿ ಹುಳದಂತೆ ಕೊರೆಯುತ್ತಿತ್ತು.

ವರ್ಸಿತಿಯ ಅತ್ತೆ ಪೋನಿರಾ ಮುದುಕಿಯ ಸಾಣೆ ಎಂದರೆ ಈ ಬೀದಿಗಳಲ್ಲಿ ಹೆಸರು. ಮೂವತ್ತು ವರ್ಷದಿಂದ ಗರಿ ಕೀಳುವ ಹೆಂಗಸರೆಲ್ಲ ತಮ್ಮ ಚಿಮಟಗಳನ್ನು ತಂದು ಅವಳ ಮಡಿಲಿಗೆ ಹಾಕುತ್ತಿದ್ದರು. ಒಂದು ನಯವಾದ ಕಲ್ಲು, ಒಂದು ಚೂರು ಉಪ್ಪುಕಾಗದ, ಒಂದು ಹಳೆಯ ಪಿಂಗಾಣಿ ಬಟ್ಟಲು. ಇಷ್ಟೇ ಅವಳ ಸಾಮಾನು. ಬಟ್ಟಲನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿನ ಮೇಲೆ ಕೊನೆಯ ಎರಡು ಉಜ್ಜು ಉಜ್ಜಿ ಕೊಟ್ಟರೆ ಆ ಚಿಮಟ ನೀರಿನ ಮೇಲಿನ ಧೂಳನ್ನೂ ಎತ್ತುತ್ತದೆ ಎನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದು ಗರಿ ಕೀಳುವುದು ನಿಂತ ಮೇಲೂ ಸಾಣೆ ನಿಂತಿರಲಿಲ್ಲ. "ಇದು ಕಣ್ಣಿನ ಕೆಲಸ ಅಲ್ಲ, ಬೆರಳಿಂದು," ಎನ್ನುತ್ತಿದ್ದಳು. ವರ್ಸಿತಿ ಸೊಸೆಯಾಗಿ ಬಂದ ಹೊಸದರಲ್ಲಿ ಕಲಿಸಿ ಎಂದು ಕೇಳಿದ್ದಳು. "ನಾನಿರೋವರೆಗೂ ನಿನಗ್ಯಾಕೆ ಅದು?" ಎಂದಿದ್ದಳು ಮುದುಕಿ.

ಮುದುಕಿಯ ಮಗ, ವರ್ಸಿತಿಯ ಗಂಡ ಗಿಯಾರ್ತೊ ತಾಳೆ ತೋಟದ ಕೆಲಸಕ್ಕೆಂದು ಮಲೇಷ್ಯಾದ ಜೊಹೊರ್‌ಗೆ ಹೋಗಿ ಎಂಟು ವರ್ಷವಾಗಿತ್ತು. ಅಲ್ಲಿ ಅವನಿಗೆ ಬೇರೆ ಸಂಸಾರವಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ತಲಾಖ್ ಕೊಡುವಷ್ಟು ತೊಂದರೆಯನ್ನೂ ಅವನು ತೆಗೆದುಕೊಂಡಿರಲಿಲ್ಲ. ಹಬ್ಬಕ್ಕೆ ಒಂದು ಫೋನು. ಮಕ್ಕಳಿಲ್ಲದ ಮೂವತ್ತಾರರ ಹೆಂಗಸು, ಎಪ್ಪತ್ತು ದಾಟಿದ ಮುದುಕಿ, ಹಕ್ಕಿಮನೆಯ ಹಿಂಗೋಡೆಗೆ ಒರಗಿಸಿ ಕಟ್ಟಿದ ಒಂದೂವರೆ ಕೋಣೆ. ಇಬ್ಬರೂ ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ.

ವರ್ಸಿತಿಯ ಚಿಮಟ ಒಳ್ಳೆಯ ಉಕ್ಕಿನದು. ವರ್ಷಕ್ಕೆ ಒಂದು ಸಲ ಸಾಣೆ ಕಂಡರೆ ಸಾಕು. ಈಚೆಗೆ ಸ್ವಲ್ಪ ಮೊಂಡಾಗಿತ್ತು, ಪರೀಕ್ಷೆಗಾದರೂ ಇರಲಿ ಎಂದು ನಿನ್ನೆ ಕೊಟ್ಟಿದ್ದಳು. "ನಾಳೆ ಸೆಮಾರಾಂಗಿನ ಪರೀಕ್ಷೆ ಇದೆ ಅತ್ತೆ. ಪಾಸಾದ್ರೆ ನಾನು ಅಲ್ಲೇ ಇರಬೇಕಾಗತ್ತೆ," ಎಂದೂ ಹೇಳಿದ್ದಳು. ಮುದುಕಿ ಏನೂ ಮಾತಾಡದೆ ಕೈ ಚಾಚಿದ್ದಳು. ಈಗ ನಡೆಯುತ್ತಾ ನಡೆಯುತ್ತಾ ಆ ಮೌನಕ್ಕೆ ಅರ್ಥ ಹುಟ್ಟಿಕೊಂಡಿತು. ಮನೆಯ ತಿರುವಿಗೆ ಬರುವಷ್ಟರಲ್ಲಿ ಎಂಟು ವರ್ಷದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು.

ಪೋನಿರಾ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು.

"ಬಂದ್ಯಾ ಕೂಸೇ? ಏನಂದ್ರು?"

ವರ್ಸಿತಿ ಚಿಮಟವನ್ನು ಅವಳ ಮೊರದೊಳಕ್ಕೆ ಎಸೆದಳು. "ಮೊನೆ ಕೂಡ್ತಿಲ್ಲ. ಗೂಡು ಹರಿದುಹೋಯ್ತು. ಎಲ್ಲರೂ ನಕ್ಕರು."

ಮುದುಕಿ ಕಾಯಿಗಳ ನಡುವೆ ತಡಕಿ ಚಿಮಟ ತೆಗೆದಳು. ಹೆಬ್ಬೆರಳಿನಿಂದ ಮೊನೆ ಸವರಿದಳು. ಮತ್ತೆ ಸವರಿದಳು. ಬಹಳ ಹೊತ್ತು ಸವರಿದಳು.

"ಬೇಕಂತಲೇ ಮಾಡಿದ್ರಾ?" ವರ್ಸಿತಿ ಕೇಳಿದಳು. "ನಾನು ಹೋಗಬಾರದು ಅಂತ ಮಾಡಿದ್ರಾ?"

ಮುದುಕಿಯ ಕೈ ನಿಂತಿತು. ಪೊರೆಗಟ್ಟಿದ ಕಣ್ಣು ಸೊಸೆಯ ಮುಖದ ಕಡೆಗಲ್ಲ, ಅದರ ಪಕ್ಕದ ಗೋಡೆಯ ಕಡೆಗೆ ಎದ್ದಿತು.

"ಹೌದು," ಎಂದಳು. "ಬೇಕಂತಲೇ ಮಾಡ್ದೆ. ಏನೀಗ? ಮಗ ಹೋದ, ನೀನೂ ಹೋಗು ಅಂತ ಬುತ್ತಿ ಕಟ್ಟಿ ಕಳಿಸಬೇಕಾಗಿತ್ತಾ? ಮುದುಕಿಗೆ ಅನ್ನ ಯಾರು ಹಾಕ್ತಾರೆ ಅಂತ ಒಂದಿನ ಯೋಚನೆ ಮಾಡಿದ್ಯಾ ನೀನು?"

ಇಲ್ಲ ಎನ್ನುತ್ತಾಳೆ, ಅಳುತ್ತಾಳೆ, ಆಣೆ ಇಡುತ್ತಾಳೆ ಎಂದುಕೊಂಡಿದ್ದಳು ವರ್ಸಿತಿ. ಈ 'ಹೌದು' ಕೇಳಿ ಎದೆಯ ಮೇಲಿನ ಯಾವುದೋ ಹಲಗೆಯನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟಂತಾಯಿತು. ಇಂಥವಳನ್ನು ಬಿಟ್ಟು ಹೋದರೆ ಯಾರೂ ಏನೂ ಅನ್ನುವಂತಿಲ್ಲ. ಒಳಗೆ ಹೋಗಿ ಎರಡು ಜೊತೆ ಬಟ್ಟೆ, ತಲೆವಸ್ತ್ರ, ಗುರುತಿನ ಚೀಟಿ ಚೀಲಕ್ಕೆ ತುಂಬಿಕೊಂಡು ಮುದುಕಿಯ ಕಾಲನ್ನು ದಾಟಿ ಹೊರಬಿದ್ದಳು.

ಸುಲಿಸ್ ಮನೆಯಲ್ಲಿ ಎಣ್ಣೆ ಕಾಯುತ್ತಿತ್ತು. ಬಾಗಿಲಲ್ಲಿ ಚೀಲ ಕಂಡು ಅವಳು ಒಲೆ ಆರಿಸಿದಳು. ವರ್ಸಿತಿ ನಡೆದದ್ದನ್ನೆಲ್ಲ ಹೇಳಿದಳು, ನಿಂತುಕೊಂಡೇ, ಹೆಚ್ಚು ಕಡಿಮೆ ಸಂತೋಷದಿಂದ. "ಅವರ ಬಾಯಲ್ಲೇ ಬಂತು ಕಣೇ, ಬೇಕಂತ ಮಾಡಿದೆ ಅಂತ. ಶನಿವಾರದವರೆಗೆ ಇಲ್ಲಿರ್ತೀನಿ. ಆಮೇಲೆ ನನ್ನ ದಾರಿ ನನಗೆ."

ಸುಲಿಸ್ ಅಂಗೈಯಲ್ಲಿ ಮುಖ ಒರೆಸಿಕೊಂಡಳು. "ಕೂತ್ಕೋ ಮೊದಲು."

"ಯಾಕೆ?"

"ಆಯಮ್ಮ ಸುಳ್ಳು ಹೇಳಿದಾರೆ."

ವರ್ಸಿತಿ ಕೂರಲಿಲ್ಲ.

"ಅವರ ಬೆರಳಿಗೆ ಏನೂ ಗೊತ್ತಾಗಲ್ಲ ಕಣೇ, ಸಕ್ಕರೆ ಕಾಯಿಲೆಯಿಂದ ಇರಬೇಕು. ಹಬ್ಬ ಆದಾಗಿಂದ ನಮ್ಮ ಯಾರ ಚಿಮಟವೂ ಸರಿಯಾಗಿ ಬಂದಿಲ್ಲ. ನಾವು ಅವರ ಹತ್ರ ಕೊಡ್ತೀವಿ, ಚೆನ್ನಾಗಾಗಿದೆ ಅತ್ತೆ ಅಂತೀವಿ, ಮನೆಗೆ ತಂದು ಮತ್ತೆ ಉಜ್ಜಿಸ್ಕೋತೀವಿ. ನಮ್ಮ ಮನೆಯವರು ಗ್ಯಾರೇಜಿನ ಕಲ್ಲಲ್ಲಿ ಉಜ್ಜಿ ಕೊಡ್ತಾರೆ. ನಿಮ್ಮತ್ತೆ ಮೊದಲು ಮಾಡ್ತಿದ್ದಷ್ಟು ಚೆನ್ನಾಗಿ ಬರಲ್ಲ, ಹೆಂಗೋ ನಡೆಯತ್ತೆ."

"ಮತ್ತೆ ಯಾಕೆ ತಗೊಂಡು ಹೋಗ್ತೀರಿ?"

"ಇನ್ನೇನು ಮಾಡೋದು? ಮೂವತ್ತು ವರ್ಷದ ಮೇಲೆ ಒಂದಿನ ಯಾರೂ ಹೋಗದೇ ಇದ್ರೆ ಆ ಜೀವಕ್ಕೆ ಹೆಂಗಾಗತ್ತೆ?"

"ನನಗ್ಯಾಕೆ ಹೇಳಲಿಲ್ಲ?"

"ಒಂದೇ ಮನೇಲಿದೀಯ, ನಿನಗೆ ಗೊತ್ತಿರತ್ತೆ ಅಂದ್ಕೊಂಡ್ವಿ," ಎಂದಳು ಸುಲಿಸ್. "ನಿನ್ನ ಚಿಮಟ ಅವರಿಗೆ ಕೊಟ್ಟಿದೀಯ ಅಂತ ಇವತ್ತು ಅಲ್ಲಿ ಕೂತಾಗಲೇ ನನಗೆ ಗೊತ್ತಾಗಿದ್ದು. ಕೊಡಿಲ್ಲಿ, ನಮ್ಮನೆಯವರಿಗೆ ಕೊಟ್ಟು ಸರಿ ಮಾಡಿಸ್ತೀನಿ."

ಚಿಮಟ ಅತ್ತೆಯ ಮೊರದಲ್ಲೇ ಉಳಿದಿತ್ತು. ವರ್ಸಿತಿ ಚೀಲವನ್ನು ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು.

"ಬೇಕಂತಲೇ ಮಾಡಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಸುಲಿಸ್," ಎಂದಳು.

ಅವಳು ಹಿಂತಿರುಗಿದಾಗ ಹೊಸ್ತಿಲಲ್ಲಿ ಹುರುಳಿಕಾಯಿ ಹಾಗೇ ಬಿದ್ದಿತ್ತು. ಪೋನಿರಾ ಹಿಂದಿನ ಅಂಗಳದಲ್ಲಿ, ನೀರಿನ ತೊಟ್ಟಿಯ ಪಕ್ಕ, ಕಲ್ಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದಳು. ಚಿಮಟವನ್ನು ಮುಚ್ಚಿಹಿಡಿದು ಉಜ್ಜುತ್ತಿದ್ದಳು, ನಿಲ್ಲಿಸಿ ಎಡಗೈ ಹೆಬ್ಬೆರಳಿಗೆ ಮೊನೆ ಒತ್ತಿ ನೋಡುತ್ತಿದ್ದಳು, ತಲೆಯಾಡಿಸಿ ಮತ್ತೆ ಉಜ್ಜುತ್ತಿದ್ದಳು. ಇನ್ನೊಂದು ಸಲ ಒತ್ತಿದಳು, ಇನ್ನೂ ಜೋರಾಗಿ. ಮೊನೆ ಹೆಬ್ಬೆರಳಿನೊಳಕ್ಕೆ ಇಳಿದದ್ದು ವರ್ಸಿತಿಗೆ ಬಾಗಿಲಿನಿಂದಲೇ ಕಂಡಿತು. ಮುದುಕಿ ಬೆಚ್ಚಲಿಲ್ಲ. ಬೆರಳಿನಿಂದ ಹರಿದು ಕಲ್ಲಿನ ಮೇಲೆ ಇಳಿದದ್ದನ್ನು ನೀರೆಂದು ತಿಳಿದು, ಅದರಲ್ಲೇ ಚಿಮಟವನ್ನು ಅದ್ದಿ ಉಜ್ಜಿದಳು. ಅವಳ ಇಡೀ ಎಡಗೈ ಕೆಂಪಗಾಗಿತ್ತು.

ವರ್ಸಿತಿ ತನ್ನ ಹಳೆಯ ತಲೆವಸ್ತ್ರವೊಂದನ್ನು ಹರಿದು ತಂದು ಎದುರಿಗೆ ಕೂತಳು. ಕೈ ತೊಳೆದು ಕಟ್ಟು ಕಟ್ಟಿದಳು. ಯಾಕೆ ಕಟ್ಟುತ್ತಿದ್ದೀಯೆಂದು ಮುದುಕಿ ಕೇಳಲಿಲ್ಲ.

"ನನಗೆ ಕಲಿಸಿ ಅತ್ತೆ."

"ನಾನು ಬೇಕಂತಲೇ ಮಾಡಿದ್ದು ಅಂದ್ನಲ್ಲ."

"ಗೊತ್ತು. ಕಲಿಸಿ."

ಪೋನಿರಾ ಕಲ್ಲನ್ನು ಸೊಸೆಯ ಕಡೆ ತಳ್ಳಿದಳು.

"ಎರಡು ಕಾಲೂ ಸೇರಿಸಿ ಹಿಡಿ. ಬಿಗಿಯಾಗಿ ಬೇಡ, ಮಗುವಿನ ಮೂಗು ಹಿಡಿದ ಹಾಗೆ. ಮಲಗಿಸು. ಇನ್ನೂ ಮಲಗಿಸು. ಈಗ ಎಳಿ. ಊಂ... ಕೆರೀತಾ ಇದೆ, ನಿನ್ನ ಕೈ ಓರೆ ಇದೆ."

"ನಿಮಗೆಂಗೆ ಗೊತ್ತು?"

"ಕಿವಿ ಇನ್ನೂ ಸತ್ತಿಲ್ಲ," ಎಂದಳು ಮುದುಕಿ. ಬೆರಳಿನ ಬಗ್ಗೆ ಅವಳು ಆಡಿದ ಮಾತು ಅದೊಂದೇ.

ಮೂರು ದಿನ ಇಬ್ಬರೂ ಅಂಗಳದಲ್ಲಿ ಎದುರುಬದುರು ಕೂತರು. ಮೊದಲು ಹೊರಮೈ, ಕಲ್ಲಿನ ಮೇಲೆ. ಆಮೇಲೆ ಉಪ್ಪುಕಾಗದವನ್ನು ಮಡಿಸಿ ಎರಡು ಮೊನೆಗಳ ನಡುವೆ ಸಿಕ್ಕಿಸಿ, ಮೆಲ್ಲಗೆ ಅದುಮಿ ಎಳೆಯಬೇಕು, ಒಳಮೈ ಒಂದಕ್ಕೊಂದು ಕೂಡುವವರೆಗೆ. ಕೊನೆಗೆ ಬಟ್ಟಲಿನ ತಳ. ಬುಧವಾರ ವರ್ಸಿತಿ ತನ್ನ ಎರಡನೆಯ ಚಿಮಟದ ಒಂದು ಕಾಲನ್ನು ಇನ್ನೊಂದಕ್ಕಿಂತ ಗಿಡ್ಡ ಮಾಡಿ ಕೆಡಿಸಿದಳು. "ಕುಂಟ ಮಾಡಿದ್ಯಲ್ಲೇ, ಇದಕ್ಕೆ ಊರುಗೋಲು ಬೇಕು," ಎಂದು ಮುದುಕಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. ಗುರುವಾರ ಮಧ್ಯಾಹ್ನ ಕಲ್ಲಿನ ಸದ್ದು ಬದಲಾಯಿತು. ಅಕ್ಕಿ ಜರಡಿಯಿಂದ ಇಳಿದ ಹಾಗೆ ಸರ್ರನೆ ಒಂದೇ ಸಮ. ಪೋನಿರಾ ಕತ್ತು ಓರೆ ಮಾಡಿ ಕೇಳಿದಳು. ತನ್ನ ಮುಂಗೈಯನ್ನು ಮುಂದೆ ಚಾಚಿದಳು. "ಇಲ್ಲಿಂದ ಒಂದು ರೋಮ ಎತ್ತು."

ವರ್ಸಿತಿ ನೆರೆತ ಒಂದೇ ಒಂದು ರೋಮವನ್ನು ಹಿಡಿದೆತ್ತಿದಳು. ಅದು ಜಾರಲಿಲ್ಲ.

ಶುಕ್ರವಾರ ಸಂಜೆಯಷ್ಟು ಹೊತ್ತಿಗೆ ಬೀದಿಗೆ ಸುದ್ದಿ ಮುಟ್ಟಿತ್ತು. ಹೆಂಗಸರು ಚಿಮಟ ಹಿಡಿದು ಬಂದರು. "ನಾನೀಗ ಮುಟ್ಟಲ್ಲಮ್ಮ, ಸೊಸೆಗೆ ಒಪ್ಪಿಸಿಬಿಟ್ಟೆ," ಎಂದಳು ಪೋನಿರಾ, ಕಟ್ಟು ಕಟ್ಟಿದ ಕೈಯನ್ನು ತಲೆವಸ್ತ್ರದ ಅಂಚಿನಡಿ ಮುಚ್ಚಿಕೊಂಡು. "ನನಗಿಂತ ಚೆನ್ನಾಗಿ ಹಿಡೀತಾಳೆ. ಸೆಮಾರಾಂಗಿನವರು ಸುಮ್ಮನೆ ಕರೀತಾರಾ?"

ಶನಿವಾರ ಲಿಯಾನ್ ತಟ್ಟೆಯನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಇನ್ನೊಮ್ಮೆ ತಿರುಗಿಸಿ ಕೆಳಗಿಟ್ಟಳು. ಚಿಮಟವನ್ನು ತೆಗೆದುಕೊಂಡು ಅದನ್ನು ಇನ್ನೂ ಹೆಚ್ಚು ಹೊತ್ತು ನೋಡಿದಳು. "ಇದನ್ನ ಯಾರು ಮಾಡಿದ್ದು?"

"ನಾನೇ ಅಕ್ಕ."

"ಸೋಮವಾರ ಬೆಳಿಗ್ಗೆ ಆರೂವರೆಗೆ ವ್ಯಾನ್ ಬರತ್ತೆ, ಮಸೀದಿ ಮೂಲೆಗೆ. ಸುಲಿಸ್ ಜೊತೆ ನೀನೂ ಹತ್ತು. ತಡ ಮಾಡಿದ್ರೆ ಡ್ರೈವರ್ ಕಾಯೋನಲ್ಲ."

ಆ ಮಧ್ಯಾಹ್ನವೇ ವರ್ಸಿತಿ ತುಬಾನ್ ಊರಿನಲ್ಲಿದ್ದ ನಾದಿನಿ ಯಾತ್ಮಿಗೆ ಫೋನು ಮಾಡಿದಳು. ಪೋನಿರಾಗೆ ಇದ್ದ ಒಬ್ಬಳೇ ಮಗಳು.

"ಅಮ್ಮನ್ನ ಇಲ್ಲಿಗಾ? ಎಲ್ಲಿ ಮಲಗಿಸಲಿ ಅತ್ತಿಗೆ, ನನ್ನ ತಲೆ ಮೇಲಾ? ನಾವೇ ಆರು ಜನ ಇದೀವಿ."

"ಅವರ ಕೈ ಸತ್ತುಹೋಗಿದೆ ಯಾತ್ಮಿ. ಕಣ್ಣೂ ಇಲ್ಲ."

"ವಯಸ್ಸಾದ್ಮೇಲೆ ಇನ್ನೇನು ಆಗತ್ತೆ? ನಿಮಗೇನು ಮಕ್ಕಳೇ, ಮರಿಯೇ? ನೀವಿದೀರ ಅಂತಲೇ ನಾವು ನೆಮ್ಮದಿಯಾಗಿರೋದು," ಎಂದಳು ಯಾತ್ಮಿ, ಅದನ್ನು ಹೊಗಳಿಕೆಯೆಂದೇ ತಿಳಿದು. ಹಿಂದೆ ಯಾವುದೋ ಮಗು ಅತ್ತಿತು. ಫೋನು ಕಡಿದುಹೋಯಿತು.

ಭಾನುವಾರ ಇಡೀ ದಿನ ಪೋನಿರಾ ಅಭ್ಯಾಸ ಮಾಡಿದಳು. ಹಾಸಿಗೆಯಿಂದ ತೊಟ್ಟಿಗೆ ಒಂಬತ್ತು ಹೆಜ್ಜೆ, ತೊಟ್ಟಿಯಿಂದ ಒಲೆಗೆ ಐದು ಎಂದು ಗಟ್ಟಿಯಾಗಿ ಎಣಿಸುತ್ತಾ ಗೋಡೆ ಸವರಿಕೊಂಡು ಓಡಾಡಿದಳು. ವರ್ಸಿತಿ ಕೈ ಹಿಡಿಯಲು ಹೋದರೆ ತಳ್ಳಿದಳು. "ನಾಳೆ ಯಾರು ಹಿಡೀತಾರೆ? ಬಿಡು." ತಾನೇ ಒಲೆ ಹಚ್ಚಿದಳು. ಅನ್ನದ ಪಾತ್ರೆಯನ್ನು ತಾನೇ ಇಳಿಸಿದಳು, ಬಟ್ಟೆ ಹಿಡಿಯದೆ, ಬರಿಗೈಯಲ್ಲಿ, ಆತುರವಿಲ್ಲದೆ. ಕೆಳಗಿಟ್ಟು, "ನೋಡಿದ್ಯಾ? ಒಂದು ಅಗುಳು ಚೆಲ್ಲಲಿಲ್ಲ," ಎಂದು ಮುಖ ಅರಳಿಸಿ ತಿರುಗಿದಳು. ಬಲಗೈ ಬೆರಳುಗಳ ತುದಿಯಲ್ಲಿ ಬೊಕ್ಕೆ ಏಳುತ್ತಿದ್ದವು.

"ನೋಡಿದೆ ಅತ್ತೆ," ಎಂದಳು ವರ್ಸಿತಿ.

ಸೋಮವಾರ ಬೆಳಕು ಹರಿಯುವಾಗ ಅವಳು ಎಂದಿನಂತೆ ಎದ್ದಳು. ನಮಾಜು ಮುಗಿಸಿದಳು, ಅಂಗಳ ಗುಡಿಸಿದಳು. ಅವಳ ಚೀಲವನ್ನು ಮುದುಕಿಯೇ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಮಡಿಸಿದ ಬಟ್ಟೆಗಳ ಮೇಲೆ ಎಲೆಯಲ್ಲಿ ಕಟ್ಟಿದ ಅನ್ನ, ಹುರಿದ ಸೋಯಾಕಾಳಿನ ತೆಂಪೆ. ಕುಂಕುಮದ ಬಣ್ಣದ ತನ್ನ ಮದುವೆಯ ಹೊದಿಕೆಯನ್ನೂ ಅದರಲ್ಲಿ ತುರುಕಿದ್ದಳು. "ಅಲ್ಲಿ ಕಾರ್ಖಾನೇಲಿ ಚಳಿ ಯಂತ್ರ ಇರತ್ತಂತೆ. ಸುಲಿಸ್ ಹೇಳಿದ್ಲು."

ಆರೂವರೆಗೆ ಮಸೀದಿ ಮೂಲೆಯಿಂದ ಹಾರ್ನ್ ಕೇಳಿಸಿತು.

"ಬಂತು, ಹೋಗು ಕೂಸೇ," ಎಂದಳು ಪೋನಿರಾ. "ಇನ್ನೂ ಏನು ಮಾಡ್ತಿದೀಯ?"

"ಕಾಫಿ ಕಾಸ್ತಿದೀನಿ."

"ನನಗೇನು ಕಾಫಿ ಕಾಸೋಕೆ ಬರಲ್ವಾ? ಹೋಗು ಅಂದ್ರೆ!"

ಹಾರ್ನ್ ಮತ್ತೆ ಕೂಗಿತು, ಈ ಸಲ ಉದ್ದಕ್ಕೆ. ಸುಲಿಸ್ ಓಡುತ್ತಾ ಬಂದು ಗೇಟಿನಲ್ಲಿ ನಿಂತು, "ವರ್ಸಿ, ಎಲ್ಲರೂ ಹತ್ತಿ ಆಯ್ತು ಕಣೇ!" ಎಂದಳು. ಬಾಗಿಲ ಬಳಿಯ ಚೀಲವನ್ನು ಕಂಡಳು. ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದ ಗೆಳತಿಯನ್ನು ಕಂಡಳು. ಹಿಂತಿರುಗಿ ಓಡಿದಳು. ಅವಳ ಚಪ್ಪಲಿಯ ಸದ್ದು ಬೀದಿಯುದ್ದಕ್ಕೂ ದೂರವಾಯಿತು. ವ್ಯಾನಿನ ಬಾಗಿಲು ಎಳೆದ ಸದ್ದು, ಆಮೇಲೆ ಎಂಜಿನ್ನಿನದು.

"ವರ್ಸಿ?" ಎಂದಳು ಮುದುಕಿ, ಮೆಲ್ಲಗೆ. ಉತ್ತರ ಬರದಿದ್ದಾಗ ಇನ್ನೂ ಮೆಲ್ಲಗೆ, "ಹೋದ್ಯಾ?" ಎಂದಳು.

ವರ್ಸಿತಿ ಲೋಟಕ್ಕೆ ಕಾಫಿ ಬಗ್ಗಿಸಿದಳು. ಕಪ್ಪು ಗಸಿ ತಳಕ್ಕೆ ಇಳಿಯುವವರೆಗೆ ಕಾದಳು. ತನ್ನ ಕಿರುಬೆರಳನ್ನು ಅದರೊಳಗೆ ಅದ್ದಿದಳು, ಚುರ್ರೆಂದಿತು. ಲೋಟವನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಒಮ್ಮೆ ತಿರುಗಿಸಿ, ಮತ್ತೆ ಬೆರಳದ್ದಿ ನೋಡಿದಳು. ಆಮೇಲೆ ಹೊಸ್ತಿಲಿಗೆ ಹೋಗಿ ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಲೋಟವನ್ನು ಅವಳ ಕೈಗಿತ್ತು, ಕಟ್ಟು ಕಟ್ಟಿದ ಹೆಬ್ಬೆರಳಿನಿಂದ ಮೊದಲುಮಾಡಿ ಒಂದೊಂದೇ ಬೆರಳನ್ನು ಅದರ ಸುತ್ತ ಮಡಿಸಿದಳು.